ಕೆಂಪು ಬಾವಿಗೆ ಅಪ್ಪನ ಲುಂಗಿ

ನಾನು ಮಡಕೆಗಳ ಒಳಗೆ ಕೈಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದೆ. ಅಮ್ಮ ಕೈಪಂಪು ಒತ್ತುತ್ತಿದ್ದಳು. ಪಂಪಿನ ಮೂತಿಗೆ ಅಪ್ಪನ ಹಳೆಯ ಲುಂಗಿ ಸುತ್ತಿತ್ತು.

ದೋಣಿಕಟ್ಟೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಬೇಲಿಯಾಚೆ ಮರದ ಪುಟ್ಟ ಮಾಡು, ಅದರಡಿ ನೀರಿನ ಮಡಕೆಗಳು, ಒಂದು ಲೋಟ. ದಾರಿಹೋಕರ ಬಾಯಾರಿಕೆ ತಣಿಸುವುದಕ್ಕಿಂತ ದೊಡ್ಡ ದಾನ ಬರ್ಮಾದ ನಮ್ಮ ಇರಾವದಿ ನದಿ ಸೀಮೆಯಲ್ಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಳೆ ಮಾರಿ ಈ ಕೊಳವೆಬಾವಿ ಹಾಕಿಸಿದಳು. ಸಿಮೆಂಟ್ ಕಟ್ಟೆಯ ಮೇಲೆ ಅಪ್ಪನ ಹೆಸರು ಬರೆಸಿದಳು: ಊ ಟುನ್ ಯಿನ್. ನೀರು ಕುಡಿದವರು ‘ಸಾಧು’, ಒಳ್ಳೆಯದಾಯಿತು, ಎಂದಾಗಲೆಲ್ಲ ಆ ಪುಣ್ಯದ ಪಾಲು ಅಪ್ಪನಿಗೆ.

ಹೋದ ವಾರ ಆರೋಗ್ಯ ಇಲಾಖೆಯವರು ನೀರು ಪರೀಕ್ಷಿಸಿ ಪಂಪಿನ ಮೂತಿಗೆ ಕೆಂಪು ಬಣ್ಣ ಬಳಿದರು. ನೆಲದೊಳಗಿನ ಆರ್ಸೆನಿಕ್ ವಿಷ. ಬಟ್ಟೆ ಒಗೆಯಬಹುದು, ಕುಡಿಯಬಾರದು, ಅನ್ನಕ್ಕೆ ಇಡಬಾರದು, ಕುದಿಸಿದರೂ ವಿಷ ಹೋಗುವುದಿಲ್ಲ. ಅವರ ಬೈಕು ತಿರುವು ದಾಟಿದ್ದೇ ತಡ, ಅಮ್ಮ ಲುಂಗಿ ತಂದು ಸುತ್ತಿದಳು.

ಸೈಕಲ್ ರಿಕ್ಷಾದ ಕೋ ಸಾನ್ ಪ್ವೆ ಬಂದು ನಿಂತ.

“ಏನ್ ದೊಡ್ಡಮ್ಮ, ಬಾವಿಗೂ ಚಳಿನಾ? ಲುಂಗಿ ಉಡ್ಸಿದೀರಲ್ಲ!”

“ನಿನ್ ಲುಂಗಿಗಿಂತ ಚೆನ್ನಾಗಿದೆ ಬಿಡು. ಕುಡ್ದು ಹೋಗು, ಸವಾರಿ ಕಾಯ್ತಿರ್ತಾರೆ.”

ಅವನು ಅಮ್ಮ ತುಂಬಿಸಿದ ಲೋಟಕ್ಕೆ ಕೈ ಚಾಚಿದ. ಅಂಗೈಯಲ್ಲಿ ಗಟ್ಟಿ ಗಟ್ಟಿ ಕಾಳುಗಳು, ಸಾಸಿವೆ ಅಂಟಿಸಿದ ಹಾಗೆ. ಹ್ಯಾಂಡಲ್ ಹಿಡಿದು ಬಂದದ್ದೆಂದು ಅವನು ಹೇಳುತ್ತಾನೆ. ಅಮ್ಮ ರಿಕ್ಷಾ ತುಳಿಯುವುದಿಲ್ಲ. ಅವಳ ಅಂಗೈಯಲ್ಲೂ, ಅಂಗಾಲಲ್ಲೂ ಅವೇ ಕಾಳುಗಳಿವೆ.

ನಾನು ಲೋಟದ ಬಾಯಿಗೆ ಕೈ ಮುಚ್ಚಿದೆ.

“ಬೇಡ ಅಣ್ಣ. ಸಂಜೆ ಬಾ, ಬೇರೆ ನೀರು ಇರುತ್ತೆ.”

“ಅಬ್ಬಾ, ನಿಮ್ಮನೆ ಹುಡ್ಗಿಗೆ ಬಾಯಿ ಇದ್ಯಾ!” ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ ಹೊರಟುಹೋದ.

ನಾನು ಲುಂಗಿ ಬಿಚ್ಚಿ, ಮಡಿಸಿ, ಅಮ್ಮನ ಕೈಗೆ ಕೊಟ್ಟೆ.

“ನಿಮ್ಮಪ್ಪನ ಪುಣ್ಯ ಮುಚ್ಚಿಬಿಡ್ತೀಯಾ, ನ್ವೆ ಯಿ?” ಅಮ್ಮ ಪಂಪಿನ ನೀರಿನತ್ತ ಬೊಟ್ಟು ಮಾಡಿದಳು. “ನೋಡು, ಎಷ್ಟು ತಿಳಿಯಾಗಿದೆ ನೀರು! ಊರ ಕೆರೆ ನೀರು ಚಹಾ ಬಣ್ಣಕ್ಕಿರುತ್ತೆ.”

“ಗೊತ್ತಿಲ್ದೆ ಕೊಟ್ಟಿದ್ದು ದಾನ ಅಮ್ಮ. ಅದು ಅಪ್ಪಂಗೆ ಸೇರಿದೆ, ಯಾರೂ ಕಿತ್ಕೊಳಲ್ಲ. ಗೊತ್ತಿದ್ದೂ ಕೊಟ್ರೆ ಅದು ಯಾರ ಲೆಕ್ಕಕ್ಕೆ ಹೋಗುತ್ತೆ?”

ಅಮ್ಮ ಲುಂಗಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ನಾನು ಹೆಗಲ ಮೇಲೆ ಕಾವಡಿ ಇಟ್ಟು ಊರ ಕುಡಿಯುವ ನೀರಿನ ಕೆರೆಗೆ ನಡೆದೆ. ಮಳೆಗಾಲ ಮುಗಿದಿತ್ತಷ್ಟೆ, ಕೆರೆ ದಡದವರೆಗೂ ತುಂಬಿತ್ತು. ಕೆರೆಯ ಬೇಲಿಯ ಬಳಿ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದೆ. ಮನೆಗೆ ಬಂದು ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಮಡಕೆಗಳನ್ನು ತುಂಬಿಸಿದೆ. ಹೆಗಲು ಉರಿಯುತ್ತಿತ್ತು. ನಾಳೆಯೂ ತರಬಲ್ಲೆ, ನಾಡಿದ್ದೂ ತರಬಲ್ಲೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಸಂಜೆ ಕೋ ಸಾನ್ ಪ್ವೆ ನಿಜವಾಗಿಯೂ ಬಂದ. ಪಂಪಿನಡಿ ಕಾಲು ತೊಳೆದುಕೊಂಡು, ಮಡಕೆಯಿಂದ ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಹೊಗೆ ವಾಸ್ನೆ ಕಣಮ್ಮ! ನೀರೋ, ಸುಟ್ಟ ಮೀನೋ?”

“ಮೀನಾದ್ರೆ ಕಾಸು ಕೊಟ್ಟು ಹೋಗು,” ಎಂದೆ.

ಅವನು ಗಟ್ಟಿಯಾಗಿ ನಕ್ಕ. ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಕಟ್ಟೆಯ ಮೇಲಿನ ಹೆಸರಿಗೆ ಕೈಮುಗಿದ. “ಸಾಧು, ಸಾಧು.”

ಅಮ್ಮ ಅದನ್ನು ಕೇಳಿಸಿಕೊಂಡಳು. ಜಗಲಿಯ ಮೇಲೆ ಕೂತಿದ್ದಳು, ಮಡಿಸಿದ ಲುಂಗಿ ತೊಡೆಯ ಮೇಲಿತ್ತು. ಪಕ್ಕದಲ್ಲಿ ಬೆಳಿಗ್ಗೆ ತುಂಬಿಸಿಟ್ಟ ಬಾವಿ ನೀರಿನ ಲೋಟ, ಇನ್ನೂ ಮುಟ್ಟಿರಲಿಲ್ಲ. ನಾನು ಮಡಕೆಯಿಂದ ನೀರು ಮೊಗೆದು ತಂದು ಅವಳ ಮುಂದೆ ಹಿಡಿದೆ.

“ಅಮ್ಮ, ಆ ನೀರು ಚೆಲ್ಲು. ಇದನ್ನ ಕುಡಿ.”