ಉಪವಾಸದ ರಕ್ತ

ಪೀಣ್ಯದ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನನ್ನು ಕಂಡರೆ ಹುಡುಗರಿಗೆ ಬೇಸರ. ತೊಳೆದ ಗಾಜಿನ ಸಾಮಾನನ್ನು ಇನ್ನೊಮ್ಮೆ ತೊಳೆಸುತ್ತೇನೆ. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಸ್ಕಿಜೋಫ್ರೇನಿಯಾ ಬಂದು ಹನ್ನೊಂದು ವರ್ಷವಾಯಿತು; ಒಂಬತ್ತು ವರ್ಷದಿಂದ ಒಂದೇ ಮಾತ್ರೆ. ಅದರಿಂದ ಕಿವಿಯೊಳಗಿನ ದನಿ ನಿಂತಿತು, ಕೆಲಸ ಉಳಿಯಿತು, ಸೊಂಟ ಮಾತ್ರ ಮೂವತ್ತೆರಡರಿಂದ ನಲವತ್ತೆರಡಕ್ಕೆ ಹೋಯಿತು.

ನಾನು ಹೋಗುವ ಆಸ್ಪತ್ರೆಯಲ್ಲಿ ಇಂಥ ಮಾತ್ರೆ ನುಂಗುವವರ ಕೊಬ್ಬಿನ ಹಾರ್ಮೋನು ಅಳೆಯುವ ಅಧ್ಯಯನ ಶುರುವಾದಾಗ ಮೊದಲು ಹೆಸರು ಕೊಟ್ಟವನು ನಾನೇ. ಕೊಬ್ಬು ಸುಮ್ಮನೆ ಜೋತುಬಿದ್ದಿರುವುದಿಲ್ಲ. ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ‘ಸಾಕು, ಕೈ ತೊಳೆದುಕೋ’ ಎಂದು ಮಿದುಳಿಗೆ ಹೇಳುತ್ತಿರುತ್ತದೆ. ಯಾರೂ ಆಡದ ಮಾತನ್ನು ಎರಡು ವರ್ಷ ಶ್ರದ್ಧೆಯಿಂದ ಕೇಳಿಸಿಕೊಂಡ ನನ್ನ ಮಿದುಳಿಗೆ ನಿಜವಾಗಿ ಆಡುತ್ತಿರುವ ಈ ಒಂದು ಮಾತು ಕೇಳಿಸುವುದಿಲ್ಲ. ಇದನ್ನು ಮನೆಯಲ್ಲಿ ಅಕ್ಕನಿಗೂ ಆಸ್ಪತ್ರೆಯ ಬೆಂಚಿನಲ್ಲಿ ಕೂತವರಿಗೂ ವಿವರಿಸಿದೆ. ಉಪವಾಸದ ರಕ್ತ ಏಕೆ ಬೇಕೆಂದೂ ಹೇಳಿದೆ.

“ಟೀ ಕುಡಿದ್ರೂ ಲೆಕ್ಕ ಕೆಡುತ್ತೆ ಕಣ್ರೀ.”

ತಮ್ಮನನ್ನು ಕರೆತಂದಿದ್ದ ಗಾರೆ ಕೆಲಸದ ಯಂಕಪ್ಪ, “ನೀವೂ ಡಾಕ್ಟರೇನ್ರಿ ಸಾರ್?” ಎಂದ. ಅಲ್ಲ ಎನ್ನಲು ಸ್ವಲ್ಪ ತಡಮಾಡಿದೆ.

ರಕ್ತ ಕೊಟ್ಟು ವಾರವಾದ ಮೇಲೆ ಡಾಕ್ಟರ್ ಭಾಗ್ಯಶ್ರೀ ವರದಿ ತೆರೆದರು. “ಸಕ್ಕರೆ ನೂರ ಐವತ್ತೆರಡು. ಖಾಲಿ ಹೊಟ್ಟೇಲಿ ತಾನೇ ಬಂದಿದ್ರಿ?”

“ಪಕ್ಕಾ ಮೇಡಂ. ಹದಿಮೂರು ಗಂಟೆ.”

“ಹಾಗಾದ್ರೆ ಸಕ್ಕರೆ ಏರಿಸ್ತಿರೋ ಈ ಮಾತ್ರೆ ಬದಲಾಯಿಸೋದೇ ಒಳ್ಳೇದು ಅನ್ಸುತ್ತೆ.”

ಇದಕ್ಕೆ ಮೊದಲು ಮೂರು ಮಾತ್ರೆಗಳು ಸೋತಿದ್ದವು. ಪ್ರಯೋಗಾಲಯದ ತಕ್ಕಡಿ ನನ್ನ ಹೆಸರು ಹಿಡಿದು ಬೈಯುತ್ತಿದ್ದ ಕಾಲ ಅದು. ರಕ್ತ ಕೊಟ್ಟ ಬೆಳಗನ್ನು ನಿಮಿಷ ನಿಮಿಷವಾಗಿ ನೆನೆದೆ. ಆರಕ್ಕೆ ಸ್ನಾನ, ಆರೂವರೆಗೆ ಲಿಂಗಪೂಜೆ. ಆಮೇಲೆ ಅಕ್ಕ ಸುಮಂಗಲಾ ಬಾಳೆಹಣ್ಣು, ಸಕ್ಕರೆ, ಜೇನುತುಪ್ಪ ಕಲಸಿದ ಪ್ರಸಾದ ಹಿಡಿದು ಬಂದಿದ್ದಳು. ನಾನು ಉಪವಾಸ ಎಂದೆ.

“ಪ್ರಸಾದ ಅಂದ್ರ ಊಟ ಏನೋ ಪರಮಾ? ಬ್ಯಾಡ ಅನಬಾರದು.”

ಎಂ.ಎಸ್ಸಿ. ಆದ ನನಗೂ ಅದು ತರ್ಕಬದ್ಧವಾಗಿ ಕಂಡಿತ್ತು. ಎರಡನೇ ಸಲವೂ ಕೈ ಒಡ್ಡಿದ್ದೆ.

“ಮೇಡಂ, ಪ್ರಸಾದ ತಗೊಂಡಿದ್ದೆ.”

“ಎಷ್ಟು?”

“ಎರಡು ಅಂಗೈ.”

ಅವರು ಪೆನ್ನು ಕೆಳಗಿಟ್ಟರು. “ನೀವು ಬಯೋಕೆಮಿಸ್ಟ್ರಿ ಅಲ್ವಾ?”

“ಫಸ್ಟ್ ಕ್ಲಾಸ್ ಮೇಡಂ.”

“ನಾಳೆ ಮತ್ತೆ ಬನ್ನಿ. ದೇವರಿಗೆ ಸ್ವಲ್ಪ ಕಾಯೋಕೆ ಹೇಳಿ.”

ಮರುದಿನ ಬೆಂಚಿನಲ್ಲಿ ಯಂಕಪ್ಪ ಇದ್ದ. “ಯಾಕ್ ಸಾರ್, ಟೀ ಕುಡಿದ್ರೇನು?” ಎಂದ. ನಾನು ಅಂಗಿಯ ತೋಳು ಮಡಚಿಕೊಂಡು ರಕ್ತ ತೆಗೆಯುವ ಕೋಣೆಗೆ ಹೋದೆ.

ಈ ಸಲ ನೂರ ಹದಿನಾಲ್ಕು. ನೂರರೊಳಗಿರಬೇಕು. ತಪ್ಪನ್ನೆಲ್ಲ ಪ್ರಸಾದದ ಮೇಲೆ ಹೊರಿಸುವ ಯೋಜನೆ ಅಲ್ಲಿಗೆ ಮುಗಿಯಿತು.

“ಮಾತ್ರೆ ಸದ್ಯಕ್ಕೆ ಇರ್ಲಿ,” ಎಂದರು ಡಾಕ್ಟರ್. “ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ನಡೀರಿ, ಬಾಯಿ ಕಟ್ಟಿ. ಇಳೀದಿದ್ರೆ ಮಾತಾಡೋಣ.”

ಈಗ ಬೆಳಿಗ್ಗೆ ಅಕ್ಕನೂ ನಾನೂ ಜಾಲಹಳ್ಳಿಯ ಕ್ವಾರ್ಟರ್ಸ್ ರಸ್ತೆಗಳಲ್ಲಿ ನಲವತ್ತು ನಿಮಿಷ ನಡೆಯುತ್ತೇವೆ. ಪ್ರಸಾದಕ್ಕೆ ಬಾಳೆಹಣ್ಣಿನ ಒಂದೇ ಬಿಲ್ಲೆ. ನಿನ್ನೆ ಮರೆತವನಂತೆ ಮತ್ತೆ ಕೈ ಒಡ್ಡಿದೆ.

“ನಿನ್ನ ಲೆಪ್ಟಿನ್ ಏನಂತು?” ಎಂದಳು.

“ಏನೂ ಕೇಳಿಸ್ಲಿಲ್ಲ ಅಕ್ಕ.”

“ನನಗ ಕೇಳಿಸ್ತು,” ಎಂದು ಬಟ್ಟಲು ಒಳಗೆ ಒಯ್ದಳು.