ಬಾಲ ಹಿಡಿದ ಕೈ

ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಗೋಣೆಪ್ಪನ ಬೆರಳಿನ ನಾತ ಹೋಗಲಿಲ್ಲ. ಹೆಣಕ್ಕೆ ನೀರು ಹಾಕುತ್ತಿದ್ದ ನೆರೆಮನೆಯ ರಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಬಿಡೇ ತಿಪ್ಪಮ್ಮ, ಇದು ಹೋಗೋ ನಾತ ಅಲ್ಲ.”

“ಹದಿನೈದು ವರ್ಷದ ನಾತ,” ಎಂದಳು ಹೆಂಡತಿ ತಿಪ್ಪಮ್ಮ. “ಮೀನು ಸಾಹೇಬ್ರ ಮನಿಗೆ, ನಾತ ನಮ್ಮನಿಗೆ.”

ಗೋಣೆಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯ ಜವಾನ. ವಾರವೆಲ್ಲ ಮ್ಯಾನೇಜರ್ ಕುಬೇರಪ್ಪನವರ ಫೈಲು ಹೊರುವುದು, ಭಾನುವಾರ ಅವರ ಗಾಳ, ಕುರ್ಚಿ, ಕೊಡೆ ಹೊತ್ತು ಸೂಳೆಕೆರೆಗೆ ಹೋಗುವುದು. ಮೀನು ಹಿಡಿಯುವುದು ಸಾಹೇಬರ ಶೋಕಿ. ಶೇಂಗಾ ಹಿಂಡಿ, ಬೆಲ್ಲ, ಹುರಿಗಡಲೆ ಹಿಟ್ಟು ಕಲಸಿ ಮೂರು ದಿನ ಕೊಳೆಸುವ ಗಾಳದ ಹಿಟ್ಟು ಮಾತ್ರ ಗೋಣೆಪ್ಪನ ಪಾಲು. ಈ ಶನಿವಾರ ಬೆಳಿಗ್ಗೆ ಕೊಳೆತ ಹಿಟ್ಟನ್ನು ಮತ್ತೆ ನಾದುತ್ತಲೇ ಎದೆ ಹಿಡಿದುಕೊಂಡು ಬಿದ್ದಿದ್ದ.

“ಸ್ಟುಡಿಯೋದವನ್ನ ಕರೆಸಿ ಒಂದು ಫೋಟೊ ಹೊಡಿಸೋಣೇನು? ಅವನ್ದು ಒಂದೂ ಇಲ್ಲಲ್ಲ,” ಎಂದಳು ರಂಗವ್ವ.

“ಹೆಣದ ಮುಖ ಬ್ಯಾಡ ನಂಗೆ. ನಕ್ಕಿದ್ದ ಫೋಟೊ ಒಂದೈತೆ ಗಿರಣ್ಯಾಗೆ. ತಮ್ಮನ್ನ ಕಳಿಸೀನಿ, ತರ್ತಾನೆ. ಅದು ಬರಾತನಕ ಎತ್ತಬ್ಯಾಡ್ರಿ.”

* * *

ಎರಡು ವರ್ಷದ ಹಿಂದೆ, ೧೯೬೨ರ ಬೇಸಿಗೆಯಲ್ಲಿ, ಕುಬೇರಪ್ಪನವರ ಗಾಳಕ್ಕೆ ಭಾರಿ ಕಾಟ್ಲಾ ಮೀನು ಬಿದ್ದು ದಾರ ಜೊಂಡಿಗೆ ಸಿಕ್ಕಿಕೊಂಡಿತ್ತು. ಸಾಹೇಬರು ಕೊಡೆಯ ಕೆಳಗೆ ನಿಂತು ಕೂಗಾಡಿದರು. ಗೋಣೆಪ್ಪ ಕುತ್ತಿಗೆಮಟ ನೀರಿಗಿಳಿದು ಮೀನನ್ನು ತಬ್ಬಿ ದಡಕ್ಕೆ ತಂದ. ಜೊತೆಗೆ ಬಂದಿದ್ದ ಅತಿಥಿಯೊಬ್ಬರು ಕ್ಯಾಮರಾ ತೆಗೆದರು. ತಲೆ ಸಾಹೇಬರು ಹಿಡಿದರು, ಬಾಲ ಗೋಣೆಪ್ಪ.

ಸಂಜೆ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದಿದ್ದ. “ನನ್ನ ಫೋಟೊ ತೆಗೆದ್ರು ಕಣೇ. ಹಲ್ಲು ಕಾಣಂಗೆ ನಕ್ಕೀನಿ. ಒಂದು ಕಾಪಿ ಕೊಡ್ತಾರಂತೆ.”

ಆಮೇಲೆ ತಿಪ್ಪಮ್ಮ ಕೇಳಿದಾಗಲೆಲ್ಲ ಒಂದೇ ಮಾತು: “ಸಾಹೇಬ್ರ ಆಫೀಸಿನ ಗ್ವಾಡಿಗೆ ಹಾಕ್ಯಾರೆ. ನಮಗೂ ಒಂದು ಕೊಡ್ತಾರೆ ತಡಿಯೇ. ದೊಡ್ಡೋರಿಗೆ ನೂರೆಂಟು ಕೆಲಸ.”

* * *

ಆನೆಕೊಂಡದಲ್ಲಿದ್ದ ಗೋಣೆಪ್ಪನ ಮನೆಯ ಸಣ್ಣ ಅಂಗಳದ ಮುಂದೆ ಜೀಪು ನಿಂತಿತು. ತಿಪ್ಪಮ್ಮನ ತಮ್ಮ ಅಂಜಿನಪ್ಪ ಫೋಟೊದ ಚೌಕಟ್ಟು ಹಿಡಿದು ಇಳಿದ. ಹಿಂದೆಯೇ ಕುಬೇರಪ್ಪನವರು, ಕೈಯಲ್ಲಿ ಹಾರ, ಮೂಗಿಗೆ ಕರ್ಚೀಫು. ಹಾರವನ್ನು ದೂರದಿಂದಲೇ ಹೆಣದ ಮೇಲೆ ಎಸೆದರು.

“ಒಳ್ಳೇ ಮನುಷ್ಯ,” ಎಂದು ಎರಡು ಸಲ ಕೆಮ್ಮಿದರು. “ಹಿಟ್ಟು ಕಲಸಿಟ್ಟಿದ್ನಲ್ಲಮ್ಮ, ಎಲ್ಲಿದೆ ಅದು? ನಾಳೆ ಬೆಂಗಳೂರಿನವರು ಬರ್ತಾರೆ, ಗಾಳಕ್ಕೆ ಬೇಕಿತ್ತು.”

ಹೆಣದ ಮುಂದೆ ನಿಂತು ಮೀನಿನ ಮೇವು ಕೇಳಿದ್ದರು. ಮೂರು ದಿನ ಕೊಳೆತ ಹಿಟ್ಟೂ ಇಷ್ಟು ಹೇಸಿಗೆಯಾಗಿರಲಿಲ್ಲ.

“ಹಿತ್ತಲ ಗಡಿಗ್ಯಾಗೈತೆ. ನೀವೇ ಕೈ ಹಾಕಿ ತಗೊಳ್ರಿ,” ಎಂದಳು ತಿಪ್ಪಮ್ಮ.

ಅವರು ನಿಜವಾಗಿಯೂ ಹೋದರು.

ತಿಪ್ಪಮ್ಮ ಚೌಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಹಲ್ಲು ಬಿಟ್ಟ ಕುಬೇರಪ್ಪನವರು, ಮೀನು, ಮೀನಿನ ಬಾಲ ಹಿಡಿದ ಒಂದು ಕೈ. ಮಣಿಕಟ್ಟಿಗೆ ಫೋಟೊ ಮುಗಿದಿತ್ತು.

“ಇವ್ರೆಲ್ಲಿ?”

ಅಂಜಿನಪ್ಪ ತಲೆ ತಗ್ಗಿಸಿದ. “ಕತ್ತರಿಸ್ಯಾರಕ್ಕ. ಗ್ವಾಡಿಗೆ ಹಾಕಿದಾಗಿಂದ ಹಿಂಗೇ ಐತಂತೆ. ದಿನಾ ಇದರ ಧೂಳು ಒರೆಸ್ತಿದ್ದೋನು ಭಾವನೇ.”

ಎರಡು ವರ್ಷ ದಿನಾ ಒರೆಸಿ, ಮನೆಗೆ ಬಂದು ‘ಕೊಡ್ತಾರೆ ತಡಿಯೇ’ ಎಂದಿದ್ದ. ತಿಪ್ಪಮ್ಮ ಚೌಕಟ್ಟು ಮಗುಚಿ, ಹಿಂದಿನ ಮೊಳೆಗಳನ್ನು ಕಿತ್ತಳು.

“ರಂಗವ್ವ, ಕತ್ತರಿ ಕೊಡು.”

ಕುಬೇರಪ್ಪನವರು ಹಿತ್ತಲಿನಿಂದ ಬಂದಾಗ ಎಡಗೈಯಲ್ಲಿ ಹಿಟ್ಟು ತುಂಬಿದ ಡಬ್ಬಿಯಿತ್ತು. ಬಲಗೈಗೆ ಮೊಣಕೈತನಕ ಹಿಟ್ಟು ಬಳಿದುಕೊಂಡಿತ್ತು.

“ಕೈಗೆ ಸ್ವಲ್ಪ ನೀರು ಹಾಕ್ರಮ್ಮ.”

ಯಾರೂ ಏಳಲಿಲ್ಲ. ತಿಪ್ಪಮ್ಮ ಫೋಟೊ ಚಾಚಿದಳು. “ತಗೊಳ್ರಿ. ನಿಮ್ದು ನಿಮ್ಗೆ.”

ಅವರು ಆ ಗಬ್ಬು ಕೈಯಲ್ಲೇ ತೆಗೆದುಕೊಂಡು ನೋಡಿದರು. ಫೋಟೊದಲ್ಲಿ ಬಾಲವಿಲ್ಲದ ಮೀನು ಹಿಡಿದು ನಗುತ್ತಿದ್ದರು. ಡಬ್ಬಿ ಹಿಡಿದು ಜೀಪು ಹತ್ತಿದರು.

“ಇನ್ನ ಎತ್ರಿ,” ಎಂದಳು ತಿಪ್ಪಮ್ಮ. ಹೆಣ ಎತ್ತಿದ ಮೇಲೆ ಮುಷ್ಟಿ ಬಿಚ್ಚಿದಳು. ಫೋಟೊದಿಂದ ಕತ್ತರಿಸಿದ, ಹೆಬ್ಬೆರಳಿನ ಉಗುರಿನಷ್ಟಿದ್ದ ಆ ಕೈಯನ್ನು ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ಅದು ಬಾಲವನ್ನು ಇನ್ನೂ ಬಿಟ್ಟಿರಲಿಲ್ಲ.