ರಾಣಿಯ ಜೊತೆ ಬಂದದ್ದು

ಮರುಪರೀಕ್ಷೆಯಲ್ಲೂ ಅದೇ ಫಲಿತಾಂಶ ಬಂದಾಗ ಅಕ್ಕ ಪ್ರಯೋಗಾಲಯದ ಕುರ್ಚಿಯಿಂದೆದ್ದು ಕಿಟಕಿಯವರೆಗೆ ಹೋದಳು, ತಿರುಗಿ ಬಂದು ಕೂತಳು, ಮತ್ತೆ ಎದ್ದಳು. ಹೀಗೆ ಸುತ್ತಿದರೆ ಕಂಪ್ಯೂಟರು ಮನಸ್ಸು ಬದಲಾಯಿಸುತ್ತದೆಯೇ? ತಂಗಿಯ ಜೇನುಪೆಟ್ಟಿಗೆಯಲ್ಲಿ ಸಿಕ್ಕ ನುಸಿ ಗುಡ್ಡದಾಚೆಯ ನುಸಿಯ ವಂಶದ್ದೇ ಎಂದು ಅದು ಪಟ್ಟು ಹಿಡಿದು ಕೂತಿತ್ತು.

ಜೇನುಹುಳಕ್ಕೆ ಅಂಟಿಕೊಂಡು ಸತ್ವ ಹೀರುವ ಸಾಸಿವೆಯಷ್ಟು ಪ್ರಾಣಿ ಅದು. ಗುಡ್ಡದ ಈಚೆಗಿನ ಕಣಿವೆಯ ಕಾಡುಜೇನಿನಲ್ಲೂ ಅಂಥ ನುಸಿ ಇತ್ತು, ಆದರೆ ಅದು ನಿರುಪದ್ರವಿ. ಗುಡ್ಡದಾಚೆಯದು ಹಾಗಲ್ಲ, ಹೊಕ್ಕ ಕಡೆ ಗೂಡನ್ನೇ ಗುಡಿಸಿಹಾಕುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ತಾಯಿಯಿಂದಷ್ಟೇ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್ಎ ಓದಿದರೆ ಮಾತ್ರ ಯಾವುದು ಎಲ್ಲಿಯದೆಂದು ತಿಳಿಯುತ್ತದೆ. ಹೊರಗಿನದೆಂದಾದರೆ ನಿಯಮದಂತೆ ತಂಗಿಯ ಅಷ್ಟೂ ಪೆಟ್ಟಿಗೆ ಸುಡಬೇಕು. ಗಂಡ ಬಿಟ್ಟುಹೋದ ಮೇಲೆ ಅವಳು ಬದುಕಿದ್ದೇ ಆ ಪೆಟ್ಟಿಗೆಗಳಿಂದ.

"ಅದು ನಿಮ್ಮ ತಂಗಿದಲ್ವಾ?" ಎಂದರು ಮೇಲಧಿಕಾರಿ, ದನಿ ತಗ್ಗಿಸಿ. "ಸ್ಯಾಂಪಲ್ ಕೆಟ್ಟಿರಬಹುದು ಬಿಡಿ. ಮುಂದಿನ ತಿಂಗಳು ಹೊಸದು ತರಿಸೋಣ."

ಅಕ್ಕ ಹ್ಞೂಂ ಎಂದುಬಿಟ್ಟಳು. ಅಂದದ್ದೇನೋ ಅಂದಳು, ಆಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಚಳಿಗಾಲದಲ್ಲಿ ತಂಗಿ ಗುಡ್ಡದಾಚೆಯಿಂದ ಬಂದವಳು ಕಳ್ಳನಗೆ ನಗುತ್ತಾ ರವಿಕೆಯೊಳಗಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಪಂಜರ ತೆಗೆದಿದ್ದಳು. ಒಳಗೆ ಒಂದು ರಾಣಿಜೇನು, ಸುತ್ತ ನಾಲ್ಕಾರು ಸೇವಕಿಯರು. "ಚಳಿ ಆಗಬಾರದೂಂತ ದಾರಿಯುದ್ದಕ್ಕೂ ಎದೆಗೊತ್ತಿ ಹಿಡಿದಿದ್ದೆ ಕಣೇ." ಹೊರಗಿನ ಜೇನು ತರಬಾರದೆಂದು ಅಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ನಕ್ಕಿದ್ದಳು.

ಸಂಜೆ ತಂಗಿಯ ಹಿತ್ತಲಿಗೆ ಹೋದಳು.

"ಕೂತ್ಕೊಳ್ಳೇ ಅಕ್ಕ. ಕಾಲಿಗೆ ಚಕ್ರ ಕಟ್ಕೊಂಡೋಳ ಹಾಗೆ ಯಾಕೆ ತಿರುಗ್ತೀಯ?"

"ನುಸಿ ಆ ರಾಣಿ ಜೊತೇಲೇ ಬಂದಿದೆ. ಗುಡ್ಡದಾಚೆದೇ."

ತಂಗಿ ಕೈಯೊರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. "ನೀನು ಹೇಳದಿದ್ರೆ?"

"ಒಂದು ತಿಂಗಳು ತಳ್ಳಬಹುದು. ಸಾಹೇಬ್ರೇ ಹಾಗಂದ್ರು."

"ತಿಂಗಳಲ್ಲಿ ಅದು ಎಲ್ಲಿವರೆಗೆ ಹೋಗತ್ತೆ?"

ಅಕ್ಕ ಬೇಲಿಯಾಚೆ ನೋಡಿದಳು. ಅಲ್ಲಿ ಪಕ್ಕದ ಮನೆ ಅಜ್ಜಿಯ ಪೆಟ್ಟಿಗೆಗಳಿದ್ದವು. ತಂಗಿಗೆ ಮೊದಲ ಪೆಟ್ಟಿಗೆ ಕೊಟ್ಟು ಕೆಲಸ ಕಲಿಸಿದವಳೇ ಆ ಅಜ್ಜಿ. ತಂಗಿಯೂ ಅತ್ತ ನೋಡಿದಳು.

"ಫೋನ್ ಮಾಡು ನಿಮ್ಮ ಸಾಹೇಬ್ರಿಗೆ," ಎಂದು ತಂಗಿ ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ತಂದು ಪರಪರ ಹರಿಯತೊಡಗಿದಳು. "ಹೊತ್ತು ಮುಳುಗೋ ಮುಂಚೆ ಬಾಗಿಲು ಮುಚ್ಚಿದ್ರೆ ಹೊರಗಿರೋವು ನುಸಿ ಹೊತ್ಕೊಂಡು ಅಜ್ಜಿ ಪೆಟ್ಟಿಗೆಗೆ ಸೇರ್ಕೊಳ್ತವೆ. ಎಲ್ಲಾ ಮನೆಗೆ ಬರ್ಲಿ."

ಅಕ್ಕ ಫೋನಿನಲ್ಲಿ ಹೇಳಬೇಕಾದ್ದನ್ನು ಹೇಳಿದಳು. ಅತ್ತ ಕಡೆಯಿಂದ ಸಮಾಧಾನದ ಮಾತು ಶುರುವಾಗುತ್ತಲೇ ಕರೆ ಕತ್ತರಿಸಿದಳು. ಹೊತ್ತು ಮುಳುಗಿದ ಮೇಲೆ ತಂಗಿ ಒಂದೊಂದೇ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕುತ್ತಾ ಕೊನೆಯದರ ಹತ್ತಿರ ಬಂದಳು. ಅಲ್ಲಿ ಬಟ್ಟೆ ಹಿಡಿದು ಸುಮ್ಮನೆ ನಿಂತಳು.

"ಮುಚ್ಚೇ," ಎಂದಳು ಅಕ್ಕ. ತಡೆಯಲಾಗುತ್ತಿರಲಿಲ್ಲ ಅವಳಿಗೆ.

"ತಡಿ. ಇನ್ನೂ ಒಂದು ಬರ್ತಿದೆ."

ಕಾಲುಗಳಿಗೆ ಹಳದಿ ಪರಾಗ ಮೆತ್ತಿಕೊಂಡ ಹುಳವೊಂದು ಮುಸ್ಸಂಜೆಯಲ್ಲಿ ತಡವರಿಸುತ್ತಾ ಬಂದು ಅವಳ ಕೈಮೇಲೆ ಇಳಿಯಿತು. ತಂಗಿ ಬೆರಳನ್ನು ಮೆಲ್ಲಗೆ ಬಾಗಿಲಿಗೆ ತಾಗಿಸಿದಳು. ಅದು ನಡೆದು ಒಳಗೆ ಹೋಯಿತು.